ಕೊಳೆತ ಮೊಟ್ಟೆಯ ವಾಸನೆಗೆ ಇಷ್ಟೊಂದು ಮರ್ಯಾದೆ ಏಕೆ?

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದಿಷ್ಟು ಲವಣ ಕೊಡುತ್ತಾರೆ. ಅದರಲ್ಲಿರುವ ಒಂದು ಧನ ಅಯಾನನ್ನೂ ಒಂದು ಋಣ ಅಯಾನನ್ನೂ (ವಿದ್ಯುದಾವೇಶ ಹೊತ್ತ ಕಣಗಳನ್ನು) ಪತ್ತೆ ಮಾಡಬೇಕು. ಅದಕ್ಕೂ ಮುನ್ನ ಹಾಸ್ಟೆಲುಗಳಲ್ಲಿ ಹರಿದಾಡುವ ಗುಟ್ಟುಗಳು ಎಲ್ಲರಿಗೂ ಗೊತ್ತು: ನೀಲಿಯಾದರೆ ತಾಮ್ರ, ನಸುಗೆಂಪಾದರೆ ಕೋಬಾಲ್ಟ್, ಹಸಿರಾದರೆ ನಿಕ್ಕಲ್ ಅಥವಾ ಫೆರಸ್, ವಿನೆಗರ್ ವಾಸನೆ ಬಂದರೆ ಅಸಿಟೇಟ್. ಮೊದಲು ಉತ್ತರ ಊಹಿಸಿಕೊಂಡು, ಆಮೇಲೆ ಅದಕ್ಕೆ ಹೊಂದುವ ಹಾಗೆ ಪ್ರಯೋಗ, ವೀಕ್ಷಣೆ, ತೀರ್ಮಾನ ಎಂಬ ಮೂರು ಅಂಕಣಗಳನ್ನು ತುಂಬಿದರಾಯಿತು. ಅಂಕವೇನೋ ಬರುತ್ತದೆ. ಧನ ಅಯಾನುಗಳನ್ನು ಗುಂಪುಗುಂಪಾಗಿ ಬೇರ್ಪಡಿಸುವ, ರಸಾಯನಶಾಸ್ತ್ರದ ಅತಿ ಜಾಣ ಏರ್ಪಾಡುಗಳಲ್ಲೊಂದು ಮಾತ್ರ ಕಣ್ಣಿಗೇ ಬೀಳದೆ ಹೋಗುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಬಣ್ಣವೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದು ಜ್ವಾಲಾ ಪರೀಕ್ಷೆಯಲ್ಲಿ ಚೆನ್ನಾಗಿ ಕಾಣುತ್ತದೆ. ಉರಿಯಲ್ಲಿ ಕ್ಯಾಲ್ಸಿಯಂ ಇಟ್ಟಿಗೆಗೆಂಪು, ಸ್ಟ್ರಾನ್ಷಿಯಂ ಕಡುಗೆಂಪು, ಬೇರಿಯಂ ಹಸಿರು, ಪೊಟ್ಯಾಸಿಯಂ ನಸುನೇರಳೆ. ಸೋಡಿಯಂ ಉಜ್ವಲ ಹಳದಿ. ತೊಂದರೆ ಏನೆಂದರೆ ಅದು ಬೆರಳ ಬೆವರಿನಲ್ಲೂ ಇದೆ, ಧೂಳಿನಲ್ಲೂ ಇದೆ. ಹೈಡೆಲ್‌ಬರ್ಗಿನಲ್ಲಿ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಖಾಫ್ ಇದನ್ನು ಅಳೆದೇ ನೋಡಿದರು. ಸುಮಾರು 60 ಘನ ಮೀಟರಿನ ಕೋಣೆಯ ಒಂದು ಮೂಲೆಯಲ್ಲಿ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟನ್ನು ಸಿಡಿಸಿ, ದೂರದಲ್ಲಿ ಉರಿಯುತ್ತಿದ್ದ ದೀಪವನ್ನು, ಬೆಳಕನ್ನು ಬಣ್ಣದ ರೇಖೆಗಳಾಗಿ ಬಿಡಿಸುವ ರೋಹಿತದರ್ಶಕದಲ್ಲಿ ಗಮನಿಸಿದರು. ಕೆಲವೇ ನಿಮಿಷಗಳಲ್ಲಿ ಹಳದಿ ರೇಖೆ ಮೂಡಿತು. ಒಂದು ಮಿಲಿಗ್ರಾಮನ್ನು 30 ಲಕ್ಷ ಪಾಲು ಮಾಡಿದರೆ, ಅದರಲ್ಲಿ ಒಂದು ಪಾಲಿಗಿಂತ ಕಡಿಮೆ ಸೋಡಿಯಂ ಲವಣವೂ ಕಣ್ಣಿಗೆ ಸಿಗುತ್ತದೆ ಎಂದು 1860ರಲ್ಲಿ ಅವರು ಲೆಕ್ಕ ಕೊಟ್ಟರು. ಹೀಗಿರುವಾಗ ‘ಹಳದಿ ಬಂತು, ಆದ್ದರಿಂದ ಸೋಡಿಯಂ’ ಎಂದು ಬರೆಯುವುದು ಎಷ್ಟು ಸರಿ? ಪೊಟ್ಯಾಸಿಯಂ ನೋಡುವಾಗ ಕೋಬಾಲ್ಟಿನ ನೀಲಿ ಗಾಜು ಅಡ್ಡ ಹಿಡಿಯುವುದೂ ಈ ಹಳದಿಯ ಕಾಟಕ್ಕೇ.

ಇದೇ ಹಳದಿ ಖಗೋಳಜ್ಞರನ್ನೂ ಸತಾಯಿಸಿದ್ದುಂಟು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಆಂಧ್ರದ ಕರಾವಳಿಯ ಕಡೆ ಬೀಡುಬಿಟ್ಟಿದ್ದವರಿಗೆ ಸೂರ್ಯನ ಅಂಚಿನ ಚಾಚುಗಳಲ್ಲಿ ಹಳದಿ ಗೆರೆ ಕಂಡಿತು. ಹಳದಿ ಎಂದರೆ ಸೋಡಿಯಂ ತಾನೇ? ಅದು ಸೋಡಿಯಂನ ಜಾಗದಲ್ಲಿಲ್ಲ ಎಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಗುರುತಿಸಿದರು. ಸೋಡಿಯಂ ಗೆರೆ ಇರುವುದು 589 ನ್ಯಾನೋಮೀಟರಿನಲ್ಲಿ, ಈ ಹೊಸದು 587.6ರಲ್ಲಿ. ಅಷ್ಟೇ ಅಂತರದಲ್ಲಿ ಹೀಲಿಯಂ ಅಡಗಿತ್ತು.

ಬಣ್ಣಕ್ಕೆ ಮರುಳಾಗುವ ಚಾಳಿ ಪ್ರಯೋಗಶಾಲೆಯ ಹೊರಗೆ ಇನ್ನೂ ದುಬಾರಿ. ಫೆರಿಕ್ ಅಯಾನಿಗೆ ಥಯೋಸಯನೇಟ್ ಹನಿಸಿದರೆ ರಕ್ತದಂಥ ಕೆಂಪು ಬರುತ್ತದೆ. ಪ್ರನಾಳದಲ್ಲಿ ಇದು ಕಬ್ಬಿಣವನ್ನು ಖಚಿತಪಡಿಸುವ ಪರೀಕ್ಷೆ; ಭಕ್ತರ ಎದುರು, ಅಂಗೈ ಮೇಲೆ ನಡೆದರೆ ಪವಾಡ. ಮೀಥೈಲ್ ಆರೆಂಜ್ ಸವರಿದ ಚಾಕು ನಿಂಬೆಹಣ್ಣಿನಿಂದ ನೆತ್ತರು ಸುರಿಸುವುದೂ ಇದೇ ಜಾತಿಯದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದಾಗ ಎದ್ದ ಗದ್ದಲ ಹಿರಿಯರಿಗೆ ನೆನಪಿರಬಹುದು. ‘ಕೆಂಪಾಯಿತು, ಸರಿ, ಇನ್ನಾವುದರಿಂದೆಲ್ಲ ಕೆಂಪಾಗಬಹುದು?’ ಎಂಬ ಪ್ರಶ್ನೆಯನ್ನು ಪಿಯುಸಿ ಮುಗಿಸಿದವರಾದರೂ ಕೇಳಬೇಕಿತ್ತು.

ಧನ ಅಯಾನುಗಳನ್ನು, ಅವು ಯಾವ ರಾಸಾಯನಿಕಕ್ಕೆ ಇಳಿಯುತ್ತವೆ ಎಂಬುದರ ಮೇಲೆ ವಿಂಗಡಿಸಿದ ಲವಣ ವಿಶ್ಲೇಷಣೆಯ ಗುಂಪುಗಳು ಆ ಪ್ರಶ್ನೆಯನ್ನೇ ಕ್ರಮವಾಗಿ ಕೇಳುತ್ತವೆ. ಮೊದಲು ಹೈಡ್ರೋಕ್ಲೋರಿಕ್ ಆಮ್ಲ: ಸೀಸ, ಬೆಳ್ಳಿ ಬಿಳಿ ಪ್ರಕ್ಷೇಪವಾಗಿ, ಅಂದರೆ ಕರಗದ ಗಸಿಯಾಗಿ, ಇಳಿಯುತ್ತವೆ. ಇಳಿಯದಿದ್ದರೆ ಎರಡನೆಯ ಗುಂಪು, ಅದೇ ಆಮ್ಲೀಯ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಅನಿಲ. ಡೆಲ್ಫ್ಟಿನ ಔಷಧ ವ್ಯಾಪಾರಿ ಕಿಪ್ ರೂಪಿಸಿದ ಮೂರು ಬುರುಡೆಯ ಗಾಜಿನ ಉಪಕರಣದಿಂದ ಹೊರಟು ಇಡೀ ಪಡಸಾಲೆಯನ್ನು ಕೊಳೆತ ಮೊಟ್ಟೆಯ ನಾತದಲ್ಲಿ ಮುಳುಗಿಸುವ ಅನಿಲ ಇದು. (ನಾತ ನಿಂತಿತೆಂದು ನಿಶ್ಚಿಂತರಾಗಬೇಡಿ. ಸಾಂದ್ರತೆ ಹೆಚ್ಚಿದಾಗ ಈ ವಿಷಾನಿಲ ಮೂಗನ್ನೇ ಮರಗಟ್ಟಿಸುತ್ತದೆ.) ತಾಮ್ರವಿದ್ದರೆ ಕಪ್ಪು, ಕ್ಯಾಡ್ಮಿಯಂ ಇದ್ದರೆ ಹಳದಿ. ಸತುವಿದ್ದರೆ ಏನೂ ಆಗುವುದಿಲ್ಲ. ಆದರೆ ನಾಲ್ಕನೆಯ ಗುಂಪಿನಲ್ಲಿ, ಅಮೋನಿಯಾ ಬೆರೆಸಿ, ಅದೇ ಅನಿಲವನ್ನು ಮತ್ತೆ ಹಾಯಿಸಿದರೆ ಅದೇ ಸತು ಬಿಳಿಯಾಗಿ ಇಳಿದುಬಿಡುತ್ತದೆ. ಅನಿಲ ಒಂದೇ, ಸತುವೂ ಒಂದೇ; ಹಾಗಾದರೆ ಬದಲಾದದ್ದೇನು?

ಹೈಡ್ರೋಜನ್ ಸಲ್ಫೈಡ್ ತೀರಾ ದುರ್ಬಲ ಆಮ್ಲ. ಅದರ ಅಣು ಒಡೆದರೆ ಎರಡು ಹೈಡ್ರೋಜನ್ ಅಯಾನು, ಒಂದು ಸಲ್ಫೈಡ್ ಅಯಾನು. ದ್ರಾವಣದಲ್ಲಿ ಹೈಡ್ರೋಜನ್ ಅಯಾನುಗಳು ಮೊದಲೇ ಕಿಕ್ಕಿರಿದಿದ್ದರೆ ಅಣು ಒಡೆಯುವುದೇ ಅಪರೂಪ. ಆ ಎರಡು ಎಂಬ ಸಂಖ್ಯೆಯಿಂದಾಗಿ ಲೆಕ್ಕ ವರ್ಗದಲ್ಲಿ ಏರುತ್ತದೆ: ಹೈಡ್ರೋಜನ್ ಅಯಾನು ಹತ್ತು ಪಟ್ಟು ಹೆಚ್ಚಿದರೆ ಸಲ್ಫೈಡ್ ನೂರು ಪಟ್ಟು ಕುಗ್ಗುತ್ತದೆ. ಕೆರೆಯ ತೂಬನ್ನು ನೆನೆಯಿರಿ. ಸ್ವಲ್ಪವೇ ಎತ್ತಿದರೆ ನೀರು ತೂಬಿನ ಬಾಯಿಯ ಗದ್ದೆಗಷ್ಟೇ ಸಿಗುತ್ತದೆ, ಪೂರ್ತಿ ಎತ್ತಿದರೆ ಕಾಲುವೆಯ ಕೊನೆಯ ಗದ್ದೆಗೂ ಮುಟ್ಟುತ್ತದೆ. ಇಲ್ಲಿ ತೂಬನ್ನು ಇಳಿಸುವುದು ಆಮ್ಲ, ಎತ್ತುವುದು ಅಮೋನಿಯಾ, ಹರಿಯುವುದು ಸಲ್ಫೈಡ್. ತಾಮ್ರದ ಸಲ್ಫೈಡಿನ ವಿಲೇಯತಾ ಗುಣಲಬ್ಧ (ಅಯಾನುಗಳ ಸಾಂದ್ರತೆಗಳ ಗುಣಲಬ್ಧ ಇದನ್ನು ಮೀರಿದರೆ ಪ್ರಕ್ಷೇಪ ಇಳಿಯುತ್ತದೆ) ಸತುವಿನದಕ್ಕಿಂತ ಸಾವಿರ ಕೋಟಿ ಪಟ್ಟಿಗೂ ಹೆಚ್ಚು ಚಿಕ್ಕದು. ಹನಿ ನೀರು ಬಂದರೂ ತಾಮ್ರದ ಗದ್ದೆ ತುಂಬುತ್ತದೆ. ಸತು, ಮ್ಯಾಂಗನೀಸ್ ಕಾಯಬೇಕು. ಆಮ್ಲ ಕಡಿಮೆಯಾದರೆ ಸತು ಎರಡನೆಯ ಗುಂಪಿಗೇ ನುಗ್ಗುತ್ತದೆ, ಅತಿಯಾದರೆ ಕ್ಯಾಡ್ಮಿಯಂ ಇಳಿಯದೆ ತಪ್ಪಿಸಿಕೊಳ್ಳುತ್ತದೆ. ‘ಆಮ್ಲವನ್ನು ಅಂದಾಜಿಗೆ ಸುರಿಯಬೇಡಿ’ ಎಂದು ಉಪನ್ಯಾಸಕರು ಗದರುವುದರ ಹಿಂದೆ ಇಷ್ಟು ಕಥೆಯಿದೆ. ಮೂರನೆಯ ಗುಂಪಿನಲ್ಲಿ ಅಮೋನಿಯಾಕ್ಕೆ ಮೊದಲು ಅಮೋನಿಯಂ ಕ್ಲೋರೈಡ್ ಹಾಕುವುದೂ ಇದೇ ತಂತ್ರ. ಅಲ್ಲಿ ತಡೆಯುವುದು ಹೈಡ್ರಾಕ್ಸೈಡನ್ನು. ಕಬ್ಬಿಣ, ಅಲ್ಯೂಮಿನಿಯಂ ಇಳಿಯುತ್ತವೆ, ಮೆಗ್ನೀಸಿಯಂ ಇಳಿಯುವುದಿಲ್ಲ.

ಈ ಏರ್ಪಾಡನ್ನು ಕಟ್ಟಿದವರಿಗೆ ಇದು ಏಕೆ ಕೆಲಸ ಮಾಡುತ್ತದೆ ಎಂಬುದೇ ತಿಳಿದಿರಲಿಲ್ಲ ಎಂಬುದು ನನಗೆ ಇಂದಿಗೂ ಬೆರಗು. ಇಂದಿನ ಗುಂಪುಗಳ ತಳಹದಿಯನ್ನು ಕಾರ್ಲ್ ರೆಮಿಜಿಯಸ್ ಫ್ರೆಸೆನಿಯಸ್ ಪ್ರಕಟಿಸಿದ್ದು 1841ರಲ್ಲಿ, ಇಪ್ಪತ್ತರ ಹರೆಯದಲ್ಲಿ. ಲವಣ ನೀರಿನಲ್ಲಿ ಅಯಾನುಗಳಾಗಿ ಬೇರ್ಪಡುತ್ತದೆಂದು ಅರೇನಿಯಸ್ ವಾದಿಸಿದ್ದು 1880ರ ದಶಕದಲ್ಲಿ. ವಿಲೇಯತಾ ಗುಣಲಬ್ಧವನ್ನು ನೆರ್ನ್‌ಸ್ಟ್ ಮಂಡಿಸಿದ್ದು 1889ರಲ್ಲಿ. ಹೆಚ್ಚುಕಡಿಮೆ ಅರ್ಧ ಶತಮಾನ ರಸಾಯನಜ್ಞರು ತೂಬನ್ನು ಎತ್ತಿ ಇಳಿಸುತ್ತಿದ್ದರು, ನೀರೇನೆಂದು ಅರಿಯದೆ. ಅಷ್ಟಾದರೂ ತಪ್ಪು ಉತ್ತರ ಬರದಂತೆ ಮಾಡಿದ್ದು ಪುನಃ ಪುನಃ ಪರೀಕ್ಷಿಸುವ ಹಟ.

ಏರ್ಪಾಡಿನಲ್ಲಿ ಬಿರುಕುಗಳಿಲ್ಲವೆಂದಲ್ಲ. ಸೀಸದ ಕ್ಲೋರೈಡ್ ನೀರಿನಲ್ಲಿ ತುಸು ಕರಗುವುದರಿಂದ ಸೀಸ ಮೊದಲ ಗುಂಪಿನಿಂದ ನುಸುಳಿ ಎರಡನೆಯದರಲ್ಲೂ ಮುಖ ತೋರಿಸುತ್ತದೆ. ಇದಕ್ಕಿಂತ ಕೆಟ್ಟದ್ದು ಫಾಸ್ಫೇಟ್. ಆಮ್ಲದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ತಕರಾರಿಲ್ಲದೆ ಒಟ್ಟಿಗಿರುತ್ತವೆ. ಮೂರನೆಯ ಗುಂಪಿಗೆಂದು ಅಮೋನಿಯಾ ಬೆರೆಸಿದ ಕ್ಷಣ ಕ್ಯಾಲ್ಸಿಯಂ ಫಾಸ್ಫೇಟ್ ಬಿಳಿಯಾಗಿ ಇಳಿಯುತ್ತದೆ, ಮತ್ತು ವಿದ್ಯಾರ್ಥಿ ನೆಮ್ಮದಿಯಿಂದ ‘ಅಲ್ಯೂಮಿನಿಯಂ’ ಎಂದು ಬರೆಯುತ್ತಾನೆ. ಋಣ ಅಯಾನನ್ನು ಮೊದಲು ಪತ್ತೆ ಮಾಡಬೇಕೆಂಬ ನಿಯಮಕ್ಕೆ ಇದೂ ಒಂದು ಕಾರಣ. ನೈಟ್ರಿಕ್ ಆಮ್ಲ, ಅಮೋನಿಯಂ ಮಾಲಿಬ್ಡೇಟ್ ಹಾಕಿ ಬಿಸಿ ಮಾಡಿದಾಗ ಹಳದಿ ಪ್ರಕ್ಷೇಪ ಕಂಡರೆ, ಅಸಿಟೇಟ್ ಬೆರೆಸಿದ ದ್ರಾವಣದಲ್ಲಿ ಫೆರಿಕ್ ಕ್ಲೋರೈಡಿನಿಂದ ಫಾಸ್ಫೇಟನ್ನು ಮೊದಲೇ ಹೊರಹಾಕಬೇಕು. ಆಗ ಕ್ಯಾಲ್ಸಿಯಂ ಮೂರನೆಯ ಗುಂಪನ್ನು ಸದ್ದಿಲ್ಲದೆ ದಾಟಿ, ತನ್ನ ಐದನೆಯ ಗುಂಪಿನಲ್ಲಿ, ಅಮೋನಿಯಂ ಕಾರ್ಬೊನೇಟ್ ಹಾಕಿದ ಮೇಲಷ್ಟೇ ಇಳಿಯುತ್ತದೆ.