ಬೋರ್ನಿಯೋ ರಾಜನ ಬಿ ಫಾರಂ

"ನಮ್ಮ ರಾಜರು ಹಡಗು ಹತ್ಕೊಂಡು ಹೋಗಿ ಆಗ್ನೇಯ ಏಷ್ಯಾನೆಲ್ಲ ಗೆದ್ದು ಹಿಂದೂ ಧರ್ಮ ಹರಡಿದ್ರು" ಅನ್ನೋ ವಾಟ್ಸಾಪ್ ಫಾರ್ವರ್ಡ್ ನೋಡಿದ್ರೆ ಮೈ ಉರಿಯುತ್ತೆ. ರಾಜೇಂದ್ರ ಚೋಳ ಸುಮಾತ್ರಾದ ಶ್ರೀವಿಜಯ ರಾಜ್ಯದ ಮೇಲೆ ದಂಡೆತ್ತಿ ಹೋಗಿದ್ದು 1025ರಲ್ಲಿ ಸ್ವಾಮಿ, ಅಷ್ಟೊತ್ತಿಗೆ ಆ ಕಡೆ ಸಂಸ್ಕೃತ ಶಾಸನ ಕೆತ್ತೋಕೆ ಶುರುವಾಗಿ ಆರುನೂರು ವರ್ಷ ದಾಟಿತ್ತು.

ಆಗ್ನೇಯ ಏಷ್ಯಾದ ಬೋರ್ನಿಯೋ ದ್ವೀಪದ ಪೂರ್ವ ಭಾಗದಲ್ಲಿ, ಮಹಾಕಾಮ್ ನದಿ ದಂಡೆಯ ಮುವಾರಾ ಕಾಮನ್‌ನಲ್ಲಿ ಏಳು ಕಲ್ಲಿನ ಯೂಪಗಳು ಸಿಕ್ಕಿವೆ. ಯಜ್ಞಪಶು ಕಟ್ಟೋ ಕಂಬ ಸಾಮಾನ್ಯವಾಗಿ ಮರದ್ದಿರುತ್ತೆ, ಇಲ್ಲಿ ಕಲ್ಲು, ಅದರ ಮೇಲೆ ಸಂಸ್ಕೃತ ಶ್ಲೋಕ. ಇಸವಿ ಹಾಕಿಲ್ಲ, ಅಕ್ಷರದ ತಿರುವು ನೋಡಿ ಸುಮಾರು ಕ್ರಿ.ಶ. 400 ಅಂತಾರೆ. ಲಿಪಿ ದಕ್ಷಿಣ ಭಾರತದ ಬ್ರಾಹ್ಮಿಯ ಕವಲು, ನಮ್ಮ ತಾಳಗುಂದದ ಕಂಬದ ಲಿಪಿಗೆ ದಾಯಾದಿ ಅನ್ನಿ.

ಮಜಾ ಇರೋದು ವಂಶಾವಳೀಲಿ. ರಾಜ ಮೂಲವರ್ಮ, ಅವರಪ್ಪ ಅಶ್ವವರ್ಮ, ತಾತ ಯಾರು? ಕುಂಡುಂಗ! ಸಂಸ್ಕೃತದ ವಾಸನೆಯೇ ಇಲ್ಲ, ಅಲ್ಲಿನ ಸ್ಥಳೀಯ ಹೆಸರು ಅಂತಲೇ ಬಹುತೇಕ ವಿದ್ವಾಂಸರ ಮಾತು. ಶಾಸನ ತಾತನ್ನ ಗೌರವದಿಂದ ನೆನೆಯುತ್ತೆ, ಆದ್ರೆ ವಂಶಕರ್ತ ಅನ್ನೋ ಪಟ್ಟ ಕೊಡೋದು ಅವನ ಮಗ ಅಶ್ವವರ್ಮನಿಗೆ. ಅಂದ್ರೆ ಹೊರಗಿಂದ ಬಂದ ರಾಜ ಅಲ್ಲ, ಅಲ್ಲೇ ಹುಟ್ಟಿದ ಮನೆತನವೇ ಹೆಸರು ಬದಲಾಯಿಸ್ಕೊಂಡಿದೆ.

ಯಾಕೆ ಅಂದ್ರೆ, ಒಂದೇ ನದೀಲಿ ಸಮಸಮ ತೂಕದ ನಾಲ್ಕಾರು ನಾಯಕರಿದ್ದಾಗ ಎಲ್ಲರಿಗಿಂತ ಮೇಲೆ ಅನ್ನಿಸ್ಕೊಳ್ಳೋಕೆ ಬೇರೆಯವರ ಹತ್ರ ಇಲ್ದಿರೋದು ಏನಾದ್ರೂ ಬೇಕು. ಇದು ಥೇಟ್ ನಮ್ಮ ಎಲೆಕ್ಷನ್ ಬಿ ಫಾರಂ ಕಥೆ: ಓಟು, ಜನ, ದುಡ್ಡು ಎಲ್ಲಾ ಲೋಕಲ್ ಲೀಡರ್‌ದೇ, ಚಿಹ್ನೆ ಮಾತ್ರ ದೂರದ ಪಾರ್ಟಿದು, ಆದ್ರೂ ಅದು ಕೈಗೆ ಬಂದ ಕೂಡ್ಲೇ ಪಕ್ಕದವನು ಸಣ್ಣವನಾಗಿ ಕಾಣ್ತಾನೆ. ವ್ಯಾಪಾರದ ಹಡಗುಗಳು ಮುಂಗಾರು, ಹಿಂಗಾರು ಗಾಳಿ ಹಿಡಿದು ಓಡಾಡ್ತಿದ್ವು, ಬ್ರಾಹ್ಮಣರಿಗೂ ದಾರಿ ಅದೇ. ಯೂಪ ನಿಲ್ಲಿಸಿದವರು "ಇಲ್ಲಿಗೆ ಬಂದ ವಿಪ್ರರು" ಅಂತ ಕಲ್ಲೇ ಹೇಳುತ್ತೆ. ಅವರು ಯಜ್ಞ ಮಾಡಿ ಹೊಗಳಿದ್ರು, ಮೂಲವರ್ಮ 20,000 ಹಸು ದಾನ ಕೊಟ್ಟ ಅಂತಾನೂ ಕೆತ್ತಿದ್ರು (ಆ ಕಾಡಲ್ಲಿ ಅಷ್ಟು ಹಸು ಎಲ್ಲಿದ್ವೋ, ಹೊಗಳುಭಟರ ಲೆಕ್ಕ ಬಿಡಿ).

ಅದೇ ಬೋರ್ನಿಯೋದಲ್ಲಿ ಇದು ಇನ್ನೊಂದ್ಸಲ ನಡೀತು, 1980ರಲ್ಲಿ. ಇಂಡೋನೇಷ್ಯಾ ಸರ್ಕಾರ ಕೆಲವೇ ಧರ್ಮಗಳಿಗೆ ಮಾನ್ಯತೆ ಕೊಡ್ತಿತ್ತು, ಬೋರ್ನಿಯೋದ ಮೂಲನಿವಾಸಿ ಡಯಾಕ್ ಜನರ ಕಾಹಾರಿಂಗನ್ ಧರ್ಮ ಆ ಲಿಸ್ಟಲ್ಲಿ ಇರಲಿಲ್ಲ. ಹಾಗಾಗಿ ಅದನ್ನ ಹಿಂದೂ ಧರ್ಮದ ಶಾಖೆ ಅಂತ ದಾಖಲೆ ಮಾಡಿಸ್ಕೊಂಡ್ರು. ಕಾಗದದಲ್ಲಿ ಹಿಂದೂ ಕಾಹಾರಿಂಗನ್ ಆದ್ರೂ, ತೀರಿಕೊಂಡವರ ಮೂಳೆ ಹೊರತೆಗೆದು ಸಾಂಡುಂಗ್ ಅನ್ನೋ ಪುಟ್ಟ ಮನೇಲಿಡೋ ತಿವಾ ಹಬ್ಬವನ್ನ ಮೊದ್ಲಿನ ಹಾಗೇ ಮಾಡ್ತಾರೆ.