ಬೆನ್ನು ನೆಲಕ್ಕೆ ತಾಗಿದ ಮೇಲೆ ಶುರುವಾಗುವ ಜೂಡೊ

ಗರಡಿಯ ಕುಸ್ತಿ ನೋಡಿ ಬೆಳೆದ ಕಣ್ಣಿಗೆ ಕೋಸೆನ್ ಜೂಡೊ ತಲೆಕೆಳಗಾದ ಆಟ. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು. ಇಲ್ಲಿ ಆಟಗಾರ ತಾನೇ ಬೆನ್ನ ಮೇಲೆ ಮಲಗಿ ಎದುರಾಳಿಯನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ.

ಕೋಸೆನ್ ಎನ್ನುವುದು ಯಾವುದೋ ಪಟ್ಟಿನ ಹೆಸರಲ್ಲ. ಜಪಾನಿನ ಅಂದಿನ ಉನ್ನತ ಶಾಲೆ, ವೃತ್ತಿಶಿಕ್ಷಣ ಕಾಲೇಜುಗಳನ್ನು ಒಟ್ಟಾಗಿ ಕರೆಯುತ್ತಿದ್ದ ಹ್ರಸ್ವರೂಪ. ಇವುಗಳಿಗಾಗಿ ಕ್ಯೋಟೊದ ಇಂಪೀರಿಯಲ್ ವಿಶ್ವವಿದ್ಯಾಲಯ 1914ರಲ್ಲಿ ಪಂದ್ಯಾವಳಿ ಆರಂಭಿಸಿತು. ಎದುರಾಳಿಯನ್ನು ಎತ್ತಿ ಒಗೆಯದೆಯೇ ನೆಲಕ್ಕೆ ಎಳೆಯಬಹುದಿತ್ತು, ನೆಲದಲ್ಲಿ ಬೇಕಾದಷ್ಟು ಹೊತ್ತು ಹೆಣಗಬಹುದಿತ್ತು. ತಂಡಗಳ ನಡುವಿನ ಸೆಣಸಾಟದಲ್ಲಿ ಗೆದ್ದವನು ಕಣದಲ್ಲೇ ನಿಂತು ಮುಂದಿನವನನ್ನು ಎದುರಿಸಬೇಕು. ಸಮವಾದರೆ ಇಬ್ಬರೂ ಹೊರಗೆ.

ಈ ಕೊನೆಯ ನಿಯಮದಲ್ಲೇ ಗುಟ್ಟಿದೆ. ಉನ್ನತ ಶಾಲೆಯ ಓದು ಮೂರೇ ವರ್ಷ. ಹದಿನೆಂಟರ ಹುಡುಗನಿಗೆ ಅಷ್ಟರಲ್ಲಿ ಒಳ್ಳೆಯ ಎಸೆತ ಕೈಗೂಡುವುದು ಕಷ್ಟ. ಹಿಡಿತ, ಕತ್ತು ಬಿಗಿಯುವುದು, ಕೀಲು ತಿರುಚುವುದು ಹಾಗಲ್ಲ. ಲೆಕ್ಕ ಬಿಡಿಸಿದಂತೆ ಬಿಡಿಸಿ, ದಿನವೂ ಬೆವರಿಳಿಸಿದರೆ ಕಲಿಯಬಹುದು. ಗೆಲ್ಲಲಾರದವನೂ ಆಮೆಯಂತೆ ಮುದುಡಿ ಬಲಶಾಲಿಯೊಬ್ಬನನ್ನು ಸಮಕ್ಕೆ ಕಟ್ಟಿಹಾಕಿದರೆ ತಂಡಕ್ಕೆ ಅದೇ ದೊಡ್ಡ ಉಪಕಾರ. ಹಾಗಾಗಿ ಕೋಸೆನ್ನಿನ ನಿಜವಾದ ತಾಯಿ ಶಾಲೆಯ ಕ್ಯಾಲೆಂಡರ್ ಎಂದೇ ನನ್ನ ಅನಿಸಿಕೆ. ಒಕಾಯಾಮಾದ ಆರನೇ ಉನ್ನತ ಶಾಲೆ 1922ರಿಂದ ಸತತ 8 ವರ್ಷ ಗೆದ್ದದ್ದು ಹೀಗೆಯೇ. ಎರಡು ಕಾಲುಗಳ ನಡುವೆ ಎದುರಾಳಿಯ ಕತ್ತನ್ನೂ ಒಂದು ತೋಳನ್ನೂ ಸಿಕ್ಕಿಸಿ ಬಿಗಿಯುವ ‘ಸಾಂಕಾಕು’ ಪಟ್ಟು ಹದಗೊಂಡದ್ದೂ ಕಾನೆಮಿತ್ಸು ಯಾಇಚಿಬೆ ಕಲಿಸುತ್ತಿದ್ದ ಆ ಅಂಗಳದಲ್ಲೇ.

ಜೂಡೊ ಸ್ಥಾಪಕ ಕಾನೊ ಜಿಗೊರೊ ಅವರಿಗೆ ಈ ನೆಲದ ಗೀಳು ಹಿಡಿಸಲಿಲ್ಲ. 1925ರಲ್ಲಿ ಅವರು ಕಟ್ಟಿದ ಜೂಡೊ ಶಾಲೆ ಕೊಡೊಕಾನ್ ನೆಲದಾಟಕ್ಕೆ ಕಡಿವಾಣ ಹಾಕಿತು. ವಿದ್ಯಾರ್ಥಿಗಳು ತಮ್ಮ ನಿಯಮ ಬಿಡಲಿಲ್ಲ. ಪಂದ್ಯಾವಳಿ 1940ರವರೆಗೂ ನಡೆಯಿತು.

ಬ್ರೆಜಿಲಿನ ಗ್ರೇಸಿ ಮನೆತನ ಬೆಳೆಸಿದ ನೆಲದ ಹೋರಾಟದ ವಿದ್ಯೆ ಬ್ರೆಜಿಲಿಯನ್ ಜಿಯು-ಜಿತ್ಸು ಕೋಸೆನ್ನಿನ ಮಗು ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ಕಾಲ ಹೊಂದುವುದಿಲ್ಲ. ಆ ಮನೆತನಕ್ಕೆ ಜೂಡೊ ವಿದ್ಯೆ ತಲುಪಿಸಿದ ಮಾಎದಾ ಮಿತ್ಸುಯೊ 1904ರಲ್ಲೇ ಜಪಾನ್ ಬಿಟ್ಟಿದ್ದರು. ನಂಟು ಬೆಳೆದದ್ದು ಆಮೇಲೆ. ಕೋಸೆನ್ ಕಣದಲ್ಲೂ ಸೆಣಸಿದ್ದ ಕಿಮುರಾ ಮಸಾಹಿಕೊ 1951ರಲ್ಲಿ ರಿಯೊದ ಮರಕಾನಾದಲ್ಲಿ ತೋಳು ತಿರುಚುವ ಪಟ್ಟು ಹಾಕಿ ಎಲಿಯೊ ಗ್ರೇಸಿಯವರ ತೋಳು ಮುರಿದರು. ಸೋತವರ ಕಡೆಯವರೇ ಆ ಪಟ್ಟನ್ನು ‘ಕಿಮುರಾ’ ಎಂದು ಕರೆದರು.

ಹಳೆಯ ಇಂಪೀರಿಯಲ್ ವಿಶ್ವವಿದ್ಯಾಲಯಗಳು ಏಳೂ ಸೇರಿ 1952ರಲ್ಲಿ ಶುರುಮಾಡಿದ ಪಂದ್ಯಾವಳಿಯಲ್ಲಿ ಹಳೆಯ ನಿಯಮಗಳು ಉಳಿದುಕೊಂಡವು. ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಅದನ್ನು ಕಲಿತ ನಾಕಾಯಿ ಯೂಕಿ 1995ರಲ್ಲಿ ಟೋಕಿಯೊದಲ್ಲಿ ಹೊಡೆತವೂ ಹಿಡಿತವೂ ಸಲ್ಲುವ ಮುಕ್ತ ಕಾಳಗದ ಪಂದ್ಯಾವಳಿಯಲ್ಲಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡೂ ಫೈನಲ್ ತಲುಪಿ ಎಲಿಯೊ ಅವರ ಮಗ ರಿಕ್ಸನ್ ಗ್ರೇಸಿಗೆ ಸೋತರು. ಆಮೇಲೆ ಅದೇ ಗ್ರೇಸಿಗಳ ವಿದ್ಯೆಯನ್ನು ಜಪಾನಿನ ಹುಡುಗರಿಗೆ ಕಲಿಸತೊಡಗಿದರು.