*/45 ಬರೆದರೂ 45 ನಿಮಿಷಕ್ಕೊಮ್ಮೆ ಓಡುವುದಿಲ್ಲ, ಏಕೆ?

ಪ್ರಶ್ನೆ: "ಸರ್, ಮುಧೋಳ ಕಡೆ ಸಕ್ಕರಿ ಫ್ಯಾಕ್ಟರಿ ವೇ ಬ್ರಿಡ್ಜ್ ಡೇಟಾ 45 ನಿಮಿಷಕ್ಕೊಮ್ಮೆ ತಗೋಬೇಕು. ಏರ್‌ಫ್ಲೋದಾಗ */45 * * * * ಹಾಕೀನಿ. ಒಮ್ಮೆ ಬರೋಬ್ಬರಿ 45 ನಿಮಿಷಕ್ಕ ಓಡ್ತದ, ಮುಂದಿಂದು 15 ನಿಮಿಷಕ್ಕ. ಸರ್ವರ್ ಗಡಿಯಾರ ಕೆಟ್ಟದೇನ್ರಿ?"

ಗಡಿಯಾರ ಕೆಟ್ಟಿಲ್ಲ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ತಂತ್ರಾಂಶವಾದ ಏರ್‌ಫ್ಲೋನದೂ ತಪ್ಪಿಲ್ಲ. ಕಬ್ಬಿನ ಹಂಗಾಮು ಶುರುವಾದರೆ ಈ ಪ್ರಶ್ನೆ ತಪ್ಪದೇ ಬರುತ್ತದೆ, ಆದ್ದರಿಂದ ಈ ಸಲ ಬಿಡಿಸಿಯೇ ಬರೆಯುತ್ತೇನೆ.

*/45 ಎಂದರೆ 'ಹಿಂದಿನ ರನ್ ಆಗಿ 45 ನಿಮಿಷಕ್ಕೆ' ಎಂದಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಅಳಿಯುತ್ತಿಲ್ಲ. ಇಂಥ ಕ್ರಾನ್ ಸಾಲಿಗೆ (ಕೆಲಸ ಯಾವಾಗ ಓಡಬೇಕೆಂದು ನಿಮಿಷ, ಗಂಟೆ, ದಿನಾಂಕ, ತಿಂಗಳು, ವಾರ ಎಂಬ ಐದು ಜಾಗಗಳಲ್ಲಿ ಹೇಳುವ ಸಾಲು) ಹಿಂದಿನ ರನ್ನಿನ ನೆನಪೇ ಇರುವುದಿಲ್ಲ. ಅದು 0ಯಿಂದ 59ರ ತನಕ 45ರ ಹೆಜ್ಜೆ ಹಾಕುತ್ತದೆ: ಸಿಗುವುದು 0, 45 ಎರಡೇ. ಗಂಟೆ ಬದಲಾದೊಡನೆ ಎಣಿಕೆ ಮತ್ತೆ 0ಯಿಂದ. ಹಾಗಾಗಿ 9:00, 9:45, 10:00, 10:45. */25 ಹಾಕಿದರೂ ಇದೇ ಗತಿ: 0, 25, 50, ಆಮೇಲೆ ಹತ್ತೇ ನಿಮಿಷಕ್ಕೆ ಮತ್ತೊಂದು. ದಿನಾಂಕದ ಜಾಗದಲ್ಲಿ */5 ಬರೆದರೆ 31ಕ್ಕೂ ಓಡುತ್ತದೆ, ಮರುದಿನ 1ಕ್ಕೂ ಓಡುತ್ತದೆ. 60ನ್ನು ಶೇಷವಿಲ್ಲದೆ ಭಾಗಿಸುವ 5, 10, 12, 15, 20, 30ರಂಥ ಸಂಖ್ಯೆಗಳಿಗೆ ಮಾತ್ರ ಅಂತರ ಸಮ ಬರುತ್ತದೆ. */15 ಸರಿಯಾಗಿ ಓಡುವುದರಿಂದಲೇ ಎಲ್ಲರೂ ಮೋಸಹೋಗುತ್ತಾರೆ.

ಕ್ರಾನ್‌ಟ್ಯಾಬ್‌ನಲ್ಲೇ (ಕ್ರಾನ್ ಸಾಲುಗಳನ್ನು ಬರೆದಿಡುವ ಕಡತ) ಬೇಕೆಂದರೆ ಮೂರು ಸಾಲು ಬೇಕು, ಏಕೆಂದರೆ 45ರ ಲೆಕ್ಕ ಗಂಟೆಗೆ ಕೂಡುವುದು ಮೂರು ತಾಸಿಗೊಮ್ಮೆ:

0,45 */3 * * *
30 1-23/3 * * *
15 2-23/3 * * *

ಏರ್‌ಫ್ಲೋನಲ್ಲಿ ಇಷ್ಟು ತ್ರಾಸು ಬೇಡ. ಶೆಡ್ಯೂಲ್‌ಗೆ ಕ್ರಾನ್ ಬದಲು 45 ನಿಮಿಷದ ಟೈಮ್‌ಡೆಲ್ಟಾ (ಪೈಥಾನ್‌ನಲ್ಲಿ ಇಂತಿಷ್ಟು ಕಾಲದ ಅಂತರ ಎಂದು ಹೇಳುವ ಬಗೆ) ಕೊಡಿ. ಹಿಂದಿನ ಇಂಟರ್ವಲ್ ಮುಗಿದಲ್ಲಿಂದ ಎಣಿಸುತ್ತದೆ.

ನೀವು ಕೇಳಲಿಲ್ಲ, ಆದರೂ ಇದನ್ನೂ ನೋಡಿಕೊಳ್ಳಿ. ಮುಂಜಾನೆ ಆರರ ವರದಿಗೆಂದು 0 6 * * * ಬರೆದಿದ್ದರೆ ಅದು ಬರುವುದು 11:30ಕ್ಕೆ. ಏರ್‌ಫ್ಲೋದ ಮೂಲ ಸಮಯ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ), ನಮ್ಮದು ಅದಕ್ಕಿಂತ ಐದೂವರೆ ತಾಸು ಮುಂದೆ. ಪರದೆಯ ಮೇಲಿನ ಗಡಿಯಾರ ಒತ್ತಿ ಭಾರತದ ಸಮಯ ಆರಿಸಿದರೆ ಕಾಣುವ ಅಂಕಿ ಬದಲಾಗುತ್ತದೆಯೇ ಹೊರತು ಶೆಡ್ಯೂಲ್ ಅಲ್ಲ. 30 0 * * * ಬರೆದರೆ ಆರಕ್ಕೆ ಸರಿಹೋಗುತ್ತದೆ. ಆದರೆ ಸೋಮವಾರ ಮುಂಜಾನೆ ಐದಕ್ಕೆ ಬೇಕಾದರೆ? ಯುಟಿಸಿಯಲ್ಲಿ ಅದಿನ್ನೂ ರವಿವಾರ ರಾತ್ರಿ 11:30, ಅಂದರೆ 30 23 * * 0 (ಕೊನೆಯ 0 ಎಂದರೆ ರವಿವಾರ). ತಿಂಗಳ 1ನೇ ತಾರೀಖು ಐದಕ್ಕೆ ಎಂದರಂತೂ ಹಿಂದಿನ ತಿಂಗಳ ಕೊನೆಯ ದಿನ ಹಿಡಿಯಬೇಕು; ಅದು 28, 29, 30, 31 ಯಾವುದೂ ಆಗಬಹುದು, ಸಾದಾ ಕ್ರಾನ್ ಸಾಲಿನಲ್ಲಿ ಕೂಡುವುದಿಲ್ಲ. ಆದ್ದರಿಂದ ಸಮಯ ಕಳೆದು ಕೂಡಿಸುತ್ತ ಕೂರಬೇಡಿ. ಡ್ಯಾಗ್‌ನ (ಏರ್‌ಫ್ಲೋನಲ್ಲಿ ಬರೆದಿಟ್ಟ ಕೆಲಸಗಳ ಸರಣಿ) ಸ್ಟಾರ್ಟ್ ಡೇಟ್‌ಗೆ ಏಷ್ಯಾ/ಕೋಲ್ಕತಾ ಟೈಮ್‌ಝೋನ್ ಕೊಟ್ಟು, ನೇರವಾಗಿ 0 5 1 * * ಎಂದು ಬರೆಯಿರಿ.